ಹಳೆಯ ಸ್ವಿಸ್ ಗಡಿಯಾರ: ಹೊಳಪಿಗೆ ಹಣ ಕೊಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಳೆಯ ಸ್ವಿಸ್ ಕೈಗಡಿಯಾರಗಳ ಬಗ್ಗೆ ಪ್ರಕಟವಾದ ಬರಹವನ್ನು ಓದಿದೆ. ಕೀ ಕೊಟ್ಟು ಓಡಿಸುವ ಗಡಿಯಾರಗಳ ಮೇಲೆ ಯುವಕರಿಗೆ ಮತ್ತೆ ಮನಸ್ಸಾಗಿದೆ ಎಂಬ ಮಾತು ನಿಜ, ಮತ್ತು ಸಂತೋಷದ ಮಾತು. ಆದರೆ ಮೊದಲ ಸಲ ಕೊಳ್ಳುವವರು ‘ಆದಷ್ಟೂ ಹೊಸದರಂತೆ ಹೊಳೆಯುವ ಗಡಿಯಾರವನ್ನೇ ಆರಿಸಿಕೊಳ್ಳಬೇಕು’ ಎಂದು ಅಲ್ಲಿ ಕೊಟ್ಟಿರುವ ಸಲಹೆಯನ್ನು ನಾನು ಒಪ್ಪಲಾರೆ. ಅದೇ ತುಣುಕನ್ನು ಕತ್ತರಿಸಿಕೊಂಡು ನನ್ನ ಸೋದರಳಿಯ ಮನೆಗೆ ಬಂದು, ಫೋನಿನಲ್ಲಿ ನಾಲ್ಕೈದು ಗಡಿಯಾರಗಳ ಚಿತ್ರಗಳನ್ನು ತೋರಿಸಿ, ಯಾವುದನ್ನು ಕೊಳ್ಳಲಿ ಮಾವ ಎಂದು ಕೇಳಿದ. ಅವುಗಳಲ್ಲಿ ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಅವನಿಗೆ ಹೇಳಿದ್ದನ್ನೇ ನಿಮ್ಮ ಇತರ ಓದುಗರಿಗೂ ತಿಳಿಸಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ವಾಚು ರಿಪೇರಿಯವನಲ್ಲ, ವ್ಯಾಪಾರಿಯೂ ಅಲ್ಲ. ಬ್ಯಾಂಕಿನಿಂದ ನಿವೃತ್ತನಾದ, ಇಪ್ಪತ್ತು ವರ್ಷಗಳಿಂದ ಈ ಹವ್ಯಾಸಕ್ಕೆ ಬಿದ್ದಿರುವ ಒಬ್ಬ ಸಾಮಾನ್ಯ ಮನುಷ್ಯ. ನಾನು ಮೊದಲು ಕೊಂಡದ್ದು ವೆಸ್ಟ್ ಎಂಡ್ ಎಂಬ ಹೆಸರು ಹೊತ್ತ, ನವಿಲಿನ ಕೊರಳಿನಂಥ ನೀಲಿ ಡಯಲಿನ ಗಡಿಯಾರವನ್ನು. ಒಂದು ಗೀರೂ ಇರಲಿಲ್ಲ. ನಮ್ಮ ಬೀದಿಯ ವಾಚು ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ತೆಗೆದು, ಅರ್ಧ ನಿಮಿಷ ನೋಡಿ, ‘ಸಾರ್, ಮುಖ ಮೊನ್ನೆಯದು, ಮುಳ್ಳು ಇನ್ನೊಂದರದು, ಮೆಷಿನ್ ಮೂರನೆಯದರದು’ ಎಂದರು. ಮಾರಿದವನು ಸುಳ್ಳು ಹೇಳಿದನೆನ್ನಲಾರೆ, ಏಕೆಂದರೆ ನಾನು ಅವನನ್ನು ಏನನ್ನೂ ಕೇಳಿರಲೇ ಇಲ್ಲ.

ಇಂಥ ಗಡಿಯಾರಗಳು ನಮ್ಮ ದೇಶದಲ್ಲಿ ಇಷ್ಟೊಂದು ಏಕಿವೆ ಎಂಬುದಕ್ಕೆ ಕಾರಣವಿದೆ. ಸ್ವಿಸ್ ಗಡಿಯಾರಗಳು ನಮಗೆ ಹೊಸ ವಸ್ತುವಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ವೆಸ್ಟ್ ಎಂಡ್ ಕಂಪನಿಯವರು ಮುಂಬೈ ಮತ್ತು ಕಲ್ಕತ್ತಗಳಲ್ಲಿ ವ್ಯಾಪಾರ ನಡೆಸುತ್ತಿದ್ದರು. ಅವರ ಹೆಸರಾಂತ ‘ಸೋವಾರ್’ ಮಾದರಿಯ ಹೆಸರು ನಮ್ಮ ‘ಸವಾರ’ ಎಂಬ ಪದವೇ, ಅಂದರೆ ಅಶ್ವದಳದ ಸಿಪಾಯಿ. 1737ರಷ್ಟು ಹಿಂದಿನ ಮೂಲವನ್ನು ಹೇಳಿಕೊಳ್ಳುವ ಫಾವ್ರ್ ಲೂಬಾ ಕಂಪನಿಯ ಗಡಿಯಾರಗಳು ಮದುವೆಯ ಉಡುಗೊರೆಯಾಗಿ ಮನೆಮನೆಗಳಿಗೆ ಬಂದವು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ನಿರ್ಬಂಧಗಳು ಬಿಗಿಯಾದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ನಮ್ಮ ಬೆಂಗಳೂರಿನಲ್ಲೇ ಎಚ್‌ಎಂಟಿ ಗಡಿಯಾರಗಳು ತಯಾರಾಗತೊಡಗಿದವು. ವಿದೇಶಿ ವಾಚೆಂದರೆ ಕಳ್ಳಸಾಗಣೆಯ ಮಾಲು, ಇಲ್ಲವೇ ಕರಾವಳಿಯವರು ಗಲ್ಫಿನಿಂದ ಬರುವಾಗ ಕೈಗೆ ಕಟ್ಟಿಕೊಂಡು ತಂದದ್ದು ಎಂಬಂತಾಯಿತು. ಬಿಡಿಭಾಗಗಳು ಸಿಗದ ಆ ಕಾಲದಲ್ಲಿ ಸತ್ತ ಮೂರು ಗಡಿಯಾರಗಳನ್ನು ಬಿಚ್ಚಿ ಓಡುವ ಒಂದನ್ನು ಜೋಡಿಸುವ, ಮಾಸಿದ ಡಯಲಿಗೆ ಮತ್ತೆ ಬಣ್ಣ ಬಳಿಯುವ ಕುಶಲಕರ್ಮಿಗಳು ನಮ್ಮಲ್ಲಿ ಬೆಳೆದರು. ಅದರಲ್ಲಿ ಯಾವ ಮೋಸವೂ ಇರಲಿಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದಂತೆ, ಮಳೆಗಾಲದಲ್ಲಿ ನೀರು ಕುಡಿದು ಕಲೆಯಾದ ಡಯಲಿಗೆ ಮಾಲೀಕರೇ ಬಣ್ಣ ಹಾಕಿಸುತ್ತಿದ್ದರು. ಮೋಸ ಶುರುವಾಗುವುದು ಅದೇ ಕೆಲಸವನ್ನು ಇಂದು ಮಾಡಿ ‘ಅರವತ್ತು ವರ್ಷಗಳಿಂದ ಬಳಸದೇ ಇಟ್ಟಿದ್ದ ಅಸಲಿ ಮಾಲು’ ಎಂದು ಮಾರಿದಾಗ. ಜಗತ್ತಿನ ಸಂಗ್ರಾಹಕರು ಇಂಥವಕ್ಕೆ ‘ಮುಂಬೈ ಸ್ಪೆಷಲ್’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಕೇಳಲು ಹಿತವಾದ ಬಿರುದಲ್ಲ, ಆದರೆ ನಾವು ಗಳಿಸಿದ್ದೇ.

ಆದ್ದರಿಂದ ಮೊದಲು ನೋಡಬೇಕಾದ್ದು ಡಯಲನ್ನು, ಅದೂ ಭೂತಗನ್ನಡಿಯಿಂದ. ಸ್ವಿಸ್ ಕಾರ್ಖಾನೆಗಳಲ್ಲಿ ಅಕ್ಷರಗಳನ್ನು ಲೋಹದ ಫಲಕದಲ್ಲಿ ಕೊರೆದು, ಆ ಕೊರೆತದಲ್ಲಿ ನಿಂತ ಶಾಯಿಯನ್ನು ಮೆತ್ತನೆಯ ಗುಂಡಿಯೊಂದರಿಂದ ಎತ್ತಿ ಡಯಲಿನ ಮೇಲೆ ಒತ್ತುತ್ತಿದ್ದರು. ಹಾಗಾಗಿ ಅಸಲಿ ಡಯಲಿನ ಅಕ್ಷರಗಳ ಅಂಚು ಎಷ್ಟು ಹಿಗ್ಗಿಸಿ ನೋಡಿದರೂ ಚೂಪಾಗಿರುತ್ತದೆ, ಶಾಯಿ ತುಸು ಉಬ್ಬಿದಂತೆ ಕಾಣುತ್ತದೆ, ನಿಮಿಷದ ಗೆರೆಗಳೆಲ್ಲ ಒಂದೇ ದಪ್ಪ, ಒಂದೇ ಅಂತರ. ಮರುಬಣ್ಣದ ಡಯಲಿನಲ್ಲಿ ಕಂಪನಿಯ ಹೆಸರು ಒಂದು ಕಡೆಗೆ ವಾಲಿರುತ್ತದೆ. ಅಕ್ಷರಗಳ ಒಳಗಿನ ಸಂದುಗಳು ಶಾಯಿಯಿಂದ ತುಂಬಿಕೊಂಡಿರುತ್ತವೆ. ಅಂಟಿಸಿದ ಲೋಹದ ಗುರುತುಗಳಿಗೂ ಅಚ್ಚು ಹಾಕಿದ ನಿಮಿಷದ ಗೆರೆಗಳಿಗೂ ಹೊಂದಾಣಿಕೆ ಇರುವುದಿಲ್ಲ. ಸೆಕೆಂಡಿನ ಪುಟ್ಟ ವೃತ್ತ ತನ್ನ ಮುಳ್ಳಿನ ನಡುವಿಗೆ ಸರಿಯಾಗಿ ಕೂತಿರುವುದಿಲ್ಲ. ಆರು ಗಂಟೆಯ ಗುರುತಿನ ಕೆಳಗೆ, ಡಯಲಿನ ತುತ್ತತುದಿಯಲ್ಲಿ ‘ಸ್ವಿಸ್’ ಅಥವಾ ‘ಸ್ವಿಸ್ ಮೇಡ್’ ಎಂಬ ಸೂಕ್ಷ್ಮ ಬರಹವಿರಬೇಕು. ಬಣ್ಣ ಬಳಿಯುವವರು ಮರೆಯುವುದು ಇಲ್ಲವೇ ಒರಟಾಗಿ ಬರೆಯುವುದು ಹೆಚ್ಚಾಗಿ ಅದನ್ನೇ. ಇನ್ನು ಕಡುಗೆಂಪು, ಗಿಳಿಹಸಿರು, ಎರಡು ಬಣ್ಣದ ವೃತ್ತಗಳು, ನಡುವೆ ಸೇನೆಯದೋ ರೈಲ್ವೆಯದೋ ಎಂಬಂತೆ ಕಾಣುವ ಲಾಂಛನ ಇಷ್ಟೆಲ್ಲ ಇದ್ದರೆ ಭೂತಗನ್ನಡಿಯ ಅಗತ್ಯವೂ ಇಲ್ಲ. ಐವತ್ತರ, ಅರವತ್ತರ ದಶಕಗಳ ಸಾಮಾನ್ಯ ಸ್ವಿಸ್ ಗಡಿಯಾರದ ಡಯಲುಗಳಲ್ಲಿ ಬಹುಪಾಲು ಬೆಳ್ಳಿ ಬಣ್ಣದವು, ಕೆನೆ ಬಣ್ಣದವು, ಇಲ್ಲವೇ ಕಪ್ಪು. ಅವು ಕಾಲ ಕಳೆದಂತೆ ಕಾಫಿ ಚೆಲ್ಲಿದ ಕಾಗದದಂತೆ ಅಂಚಿನಿಂದ ಕಂದಿಕೊಂಡು ಬರುತ್ತವೆ. ಹೊಸಬನ ಕಣ್ಣಿಗೆ ಅದು ಕೊಳೆ. ನನ್ನ ಮಟ್ಟಿಗೆ ಅದೇ ಅದರ ಜನ್ಮಪತ್ರ.

ಕತ್ತಲಲ್ಲಿ ಹೊಳೆಯುವ ಬಣ್ಣದ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಅಸಲಿಯ ಪರೀಕ್ಷೆಯೂ ಇದೆ, ಆರೋಗ್ಯದ ಪ್ರಶ್ನೆಯೂ ಇದೆ. ಸುಮಾರು 1960ರ ದಶಕದ ಆರಂಭದವರೆಗೆ ಮುಳ್ಳುಗಳಿಗೂ ಅಂಕಿಗಳಿಗೂ ರೇಡಿಯಂ ಬೆರೆತ ಬಣ್ಣ ಹಚ್ಚುತ್ತಿದ್ದರು. ರೇಡಿಯಂನ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1,600 ವರ್ಷ. ಹೊಳೆಯುವ ರಾಸಾಯನಿಕ ಸುಟ್ಟು ಸವೆದು ಬೆಳಕು ನಿಂತುಹೋಗಿದ್ದರೂ ವಿಕಿರಣ ನಿಂತಿರುವುದಿಲ್ಲ. ಗಾಜು ಭದ್ರವಾಗಿರುವ ಅಂಥ ಗಡಿಯಾರವನ್ನು ಕಂಡು ಓಡಿಹೋಗಬೇಕಾಗಿಲ್ಲ, ಆದರೆ ಅದನ್ನು ಮನೆಯಲ್ಲಿ ಬಿಚ್ಚಬಾರದು, ಪುಡಿಪುಡಿಯಾದ ಆ ಬಣ್ಣವನ್ನು ಕೆರೆಯಬಾರದು, ಊದಬಾರದು, ಮಕ್ಕಳ ಕೈಗೆ ಕೊಡಬಾರದು. ಮೊದಲ ಗಡಿಯಾರವಾಗಿ ಅದನ್ನು ಕೊಳ್ಳುವುದೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಆನಂತರ ಬಂದದ್ದು ಟ್ರಿಟಿಯಂ ಎಂಬ ಇನ್ನೊಂದು ವಿಕಿರಣ ವಸ್ತು ಬೆರೆತ ಬಣ್ಣ. ‘ಸ್ವಿಸ್’ ಪದದ ಎರಡೂ ಬದಿಗೆ ‘ಟಿ’ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ ಅದರ ಸೂಚನೆ. ಇದರ ಅರ್ಧಾಯು ಹನ್ನೆರಡು ವರ್ಷಗಳಿಗಿಂತ ತುಸು ಹೆಚ್ಚು, ಅಷ್ಟೇ. ಹಾಗಾದರೆ ‘ಟಿ’ ಗುರುತಿರುವ 1968ರ ಗಡಿಯಾರವೊಂದು ಇಂದು ದೀಪ ಆರಿಸಿದ ಮೇಲೆ ಗಂಟೆಗಟ್ಟಲೆ ಹಸಿರಾಗಿ ಬೆಳಗುತ್ತಿದೆ ಎಂದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ ಎಂದೇ ಅರ್ಥ. ಅಂಗಡಿಯಲ್ಲಿ ಎರಡು ಅಂಗೈಗಳ ನಡುವೆ ಮುಚ್ಚಿಟ್ಟು ನೋಡಿದರೆ ಸಾಕು.

ಡಯಲಿನ ಪರೀಕ್ಷೆಯಲ್ಲಿ ಪಾಸಾದರೆ ಮುಚ್ಚಳ ತೆಗೆಸಿ. ತೆಗೆಯಲು ಒಪ್ಪದ ಅಂಗಡಿಯಿಂದ, ಮೆಷಿನಿನ ಚಿತ್ರ ಹಾಕದ ಆನ್‌ಲೈನ್ ಮಾರಾಟಗಾರನಿಂದ ಕೊಳ್ಳಲೇಬೇಡಿ. ಇದರಲ್ಲಿ ದಾಕ್ಷಿಣ್ಯ ಬೇಡ. ಒಳಗೆ ತುಕ್ಕು ಇದೆಯೇ, ತಿರುಪುಗಳ ತಲೆ ಒರಟು ಕೈಗಳಿಂದ ಕಿತ್ತುಹೋಗಿದೆಯೇ, ಹಿಂದಕ್ಕೂ ಮುಂದಕ್ಕೂ ತಿರುಗಿ ಗಡಿಯಾರದ ವೇಗ ಕಾಯುವ ಬ್ಯಾಲೆನ್ಸ್ ಚಕ್ರ ಅಲುಗಾಡದೆ ಸಮತಟ್ಟಾಗಿ ತಿರುಗುತ್ತಿದೆಯೇ ಎಂಬುದು ಹೊಸಬರಿಗೂ ಕಾಣುತ್ತದೆ. ಆಮೇಲೆ ಮೆಷಿನಿನ ಮಾದರಿ ಸಂಖ್ಯೆ ಹುಡುಕಿ. ಸಾಮಾನ್ಯವಾಗಿ ಬ್ಯಾಲೆನ್ಸ್ ಚಕ್ರದ ಪಕ್ಕದಲ್ಲಿ ಅಥವಾ ಅಡಿಯಲ್ಲಿ ಕೊರೆದಿರುತ್ತಾರೆ. ಈ ಸಂಖ್ಯೆಯ ಮಹತ್ವ ನನಗೆ ಅರ್ಥವಾಗಲು ಹಲವು ವರ್ಷ ಬೇಕಾಯಿತು. ಡಯಲಿನ ಮೇಲೆ ಹೆಸರು ಹಾಕಿಕೊಂಡ ನೂರಾರು ಸ್ವಿಸ್ ಕಂಪನಿಗಳು ಮೆಷಿನನ್ನು ತಾವೇ ಮಾಡುತ್ತಿರಲಿಲ್ಲ. ಗ್ರೆಂಖೆನ್ ಊರಿನ ಎ. ಶಿಲ್ಡ್ ಮತ್ತು ಇಟಿಎ, ಫೋಂಟೆನ್‌ಮೆಲಾನಿನ ಎಫ್‌ಎಚ್‌ಎಫ್ ಮುಂತಾದ ಕಾರ್ಖಾನೆಗಳಿಂದ ತರಿಸಿ, ತಮ್ಮ ಕೇಸಿನಲ್ಲಿ, ಅಂದರೆ ಹೊರಕವಚದಲ್ಲಿ, ಕೂರಿಸಿ ಮಾರುತ್ತಿದ್ದವು. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಕಂಪನಿ ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದ ಮೇಲೆ ಆ ಕಂಪನಿಗಳ ದೊಡ್ಡ ಪಾಲು ಮುಚ್ಚಿಹೋಯಿತು. 1970ರ ಸುಮಾರಿಗೆ ತೊಂಬತ್ತು ಸಾವಿರದಷ್ಟಿದ್ದ ಸ್ವಿಸ್ ಗಡಿಯಾರ ಉದ್ಯಮದ ನೌಕರರು 1980ರ ದಶಕದ ನಡುವಿನ ಹೊತ್ತಿಗೆ ಅದರ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿದಿದ್ದರು. ಕಂಪನಿ ಇಲ್ಲ, ಆದರೆ ಅದರ ಗಡಿಯಾರದೊಳಗಿನ ಎ. ಶಿಲ್ಡ್ ಮೆಷಿನ್ ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದದ್ದು. ಹೀಗಾಗಿ ಬಿಡಿಭಾಗವನ್ನು ಹುಡುಕುವುದು ಡಯಲಿನ ಹೆಸರು ಹಿಡಿದಲ್ಲ, ಮೆಷಿನಿನ ಸಂಖ್ಯೆ ಹಿಡಿದು. ಯಾರೂ ಕೇಳಿರದ ಹೆಸರಿನ ಗಡಿಯಾರದೊಳಗೆ ಎಲ್ಲೆಡೆ ಸಿಗುವ ಮೆಷಿನ್ ಇದ್ದರೆ ಅದು ಹೊಸಬನಿಗೆ ಒಳ್ಳೆಯ ಗಡಿಯಾರ. ದೊಡ್ಡ ಹೆಸರಿನದರಲ್ಲಿ ಅಪರೂಪದ ಮೆಷಿನ್ ಇದ್ದರೆ ಅದು ತಲೆನೋವು.

ಒಮೆಗಾ, ಲಾಂಜಿನ್ಸ್‌ನಂಥವರು ಮೆಷಿನ್ ಸ್ವಂತವಾಗಿ ಮಾಡುತ್ತಿದ್ದರು, ಅಲ್ಲಿನ ಪರೀಕ್ಷೆ ಬೇರೆ. ಆ ಕಾಲದ ಒಮೆಗಾ ಮೆಷಿನ್‌ಗಳಿಗೆ ತಾಮ್ರದ ಕೆಂಪು ಛಾಯೆಯ ಲೇಪವಿರುತ್ತದೆ. ನೀರು ಹೊಕ್ಕಿದ್ದರೆ ಆ ಬಣ್ಣ ಅಲ್ಲಲ್ಲಿ ಕಳಚಿರುತ್ತದೆ. ಮೆಷಿನಿನ ಮೇಲಿನ ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನು ಅಂದಾಜಿಸಬಹುದು, ಮುಚ್ಚಳದ ಒಳಬದಿಯಲ್ಲಿ ಕೇಸಿನ ಮಾದರಿ ಸಂಖ್ಯೆ ಇರುತ್ತದೆ. ಇವೆರಡೂ ಒಂದೇ ಕಾಲದವೇ ಎಂದು ತಾಳೆ ನೋಡಬೇಕು. ಸ್ವಿಟ್ಜರ್ಲೆಂಡಿನ ಸೇಂಟ್ ಇಮಿಯೇ ಊರಿನಲ್ಲಿ 1832ರಿಂದ ಇರುವ ಲಾಂಜಿನ್ಸ್ ಕಂಪನಿಯವರು ಹಳೆಯ ಗಡಿಯಾರಗಳ ದಾಖಲೆಯನ್ನು ಕೈಬರಹದ ಲೆಕ್ಕದ ಪುಸ್ತಕಗಳಲ್ಲಿ ಉಳಿಸಿಕೊಂಡಿದ್ದಾರೆ. ಕ್ರಮಸಂಖ್ಯೆಯನ್ನು ಕಳುಹಿಸಿದರೆ ಅದು ಯಾವ ದಿನ ಯಾವ ಏಜೆಂಟರಿಗೆ ಹೋಯಿತೆಂದು ತಿಳಿಸುವ ವ್ಯವಸ್ಥೆಯಿದೆ. ನಲವತ್ತು ವರ್ಷ ಲೆಡ್ಜರುಗಳ ನಡುವೆ ಬದುಕಿದ ನನಗೆ ಈ ಸಂಗತಿ ಗಡಿಯಾರಕ್ಕಿಂತಲೂ ಹೆಚ್ಚು ಇಷ್ಟವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೂ ಮೊದಲ ಕೊಳ್ಳುವಿಕೆಗೆ ಒಮೆಗಾ ಬೇಡ. ಹೆಸರು ದೊಡ್ಡದಾದಷ್ಟೂ ನಕಲು ಮಾಡುವವನಿಗೆ ಲಾಭ ಹೆಚ್ಚು.

‘ಓಡುತ್ತಿದೆ, ನೋಡಿ’ ಎಂದು ಮಾರುವವರು ಕಿವಿಯ ಬಳಿ ಹಿಡಿದು ತೋರಿಸುತ್ತಾರೆ. ಎಣ್ಣೆ ಒಣಗಿದ ಗಡಿಯಾರವೂ ಓಡುತ್ತದೆ, ಓಡುತ್ತಲೇ ತನ್ನ ಅಚ್ಚುಗಳನ್ನು ಸವೆಸಿಕೊಳ್ಳುತ್ತದೆ. ಈಗ ಅನೇಕ ರಿಪೇರಿ ಅಂಗಡಿಗಳಲ್ಲಿ ಟೈಮ್‌ಗ್ರಾಫರ್ ಎಂಬ ಪುಟ್ಟ ಯಂತ್ರವಿರುತ್ತದೆ. ಅದು ಟಿಕ್ ಟಿಕ್ ಸದ್ದನ್ನು ಕೇಳಿ ಮೂರು ಅಂಕಿಗಳನ್ನು ತೋರಿಸುತ್ತದೆ: ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ ಹೋಗುತ್ತದೆ, ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತಿರುಗುತ್ತದೆ, ಎರಡು ಬದಿಯ ಬಡಿತಗಳಲ್ಲಿ ಎಷ್ಟು ವ್ಯತ್ಯಾಸವಿದೆ. ಗಂಟೆಗೆ 18,000 ಬಡಿತದ ಹಳೆಯ ಗಡಿಯಾರ ಪೂರ್ತಿ ಕೀ ಕೊಟ್ಟು ಮಲಗಿಸಿದಾಗ 250 ಡಿಗ್ರಿಗಿಂತ ಹೆಚ್ಚು ತಿರುಗಿದರೆ ಆರೋಗ್ಯವಾಗಿದೆ. 200ಕ್ಕಿಂತ ಕಡಿಮೆಯಾದರೆ ಸರ್ವಿಸಿಂಗ್ ಆಗಬೇಕು, ಬೆಲೆಯಲ್ಲಿ ಅದನ್ನು ಕಳೆದೇ ಮಾತಾಡಬೇಕು. ಅರವತ್ತು ವರ್ಷದ ಗಡಿಯಾರ ದಿನಕ್ಕೆ ಅರ್ಧ ನಿಮಿಷ ಆಚೀಚೆ ಹೋದರೆ ನಾನಂತೂ ದೂರುವುದಿಲ್ಲ.

ಕೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಟ್ಟಿ ಸಿಕ್ಕಿಸುವ ಕೋಡುಗಳ ಅಂಚು ಚೂಪಾಗಿದ್ದರೆ ಒಳ್ಳೆಯದು, ಸಾಬೂನಿನ ಹಾಗೆ ದುಂಡಗಾಗಿದ್ದರೆ ಪಾಲಿಶ್ ಮಾಡಿ ಮಾಡಿ ಸವೆಸಿದ್ದಾರೆ ಎಂದು ತಿಳಿಯಿರಿ. ಚಿನ್ನದ ಬಣ್ಣ ಕಂಡ ಮಾತ್ರಕ್ಕೆ ಚಿನ್ನವೆಂದುಕೊಳ್ಳಬೇಡಿ. ಹೆಚ್ಚಿನವು ಹತ್ತು ಅಥವಾ ಇಪ್ಪತ್ತು ಮೈಕ್ರಾನ್ ದಪ್ಪದ ಗಿಲೀಟು, ಮುಚ್ಚಳ ಉಕ್ಕಿನದು. ಸ್ವಿಟ್ಜರ್ಲೆಂಡಿನಲ್ಲಿ ಮುದ್ರೆಯಾದ ಆ ಕಾಲದ ಅಸಲಿ 18 ಕ್ಯಾರೆಟ್ ಕೇಸಿನ ಮೇಲೆ ಹೆಲ್ವೇಷಿಯಾ ಎಂಬ ಸ್ತ್ರೀಯ ತಲೆಯ, 14 ಕ್ಯಾರೆಟ್ ಕೇಸಿನ ಮೇಲೆ ಅಳಿಲಿನ ಪುಟ್ಟ ಮುದ್ರೆ ಇರುತ್ತದೆ. ಪ್ಲಾಸ್ಟಿಕ್ ಗಾಜಿನ ಗೀರುಗಳಿಗೆ ಮಾತ್ರ ಹೆದರಬೇಡಿ. ಅದನ್ನು ಅಲ್ಪ ಖರ್ಚಿನಲ್ಲಿ ಉಜ್ಜಿಸಬಹುದು, ಬದಲಿಸಲೂಬಹುದು. ಮಾರುವವರು ಹೊಸ ಗಾಜು ಹಾಕಿ ಬೆಲೆ ಏರಿಸುತ್ತಾರೆ, ಬುದ್ಧಿವಂತ ಕೊಳ್ಳುವವನು ಗೀರುಗಾಜನ್ನು ತೋರಿಸಿ ಬೆಲೆ ಇಳಿಸುತ್ತಾನೆ.

ಹಾಗಾದರೆ ಏನು ಕೊಳ್ಳಬೇಕು ಎಂದು ಸೋದರಳಿಯ ಕೇಳಿದ. ಅವನಿಗೆ ನಾನು ಹೇಳಿದ್ದು: 1955ರಿಂದ 1970ರ ನಡುವಿನ, ಉಕ್ಕಿನ ಕೇಸಿನ, ಕೈಯಿಂದ ಕೀ ಕೊಡುವ, 17 ಕಲ್ಲುಗಳ (ಚಕ್ರಗಳ ಅಚ್ಚು ಸವೆಯದಂತೆ ಕೂರಿಸುವ ಮಾಣಿಕ್ಯದ ಬೇರಿಂಗುಗಳು), ಬರೀ ಗಂಟೆ ನಿಮಿಷ ಸೆಕೆಂಡು ತೋರಿಸುವ ಗಡಿಯಾರ. ಟಿಸೋ, ರೋಮರ್, ಫಾವ್ರ್ ಲೂಬಾ, ಕ್ಯಾಮಿ, ಯಾವುದಾದರೂ ಸರಿ. ತಾರೀಖು ಬೇಡ, ಸ್ಟಾಪ್‌ವಾಚಿನ ಗುಂಡಿಗಳಂತೂ ಬೇಡವೇ ಬೇಡ. ಅವುಗಳ ರಿಪೇರಿ ಬಲ್ಲವರು ವಿರಳ. ಮೂವತ್ತನಾಲ್ಕು ಮಿಲಿಮೀಟರು ಅಗಲ ಹುಡುಗಿಯರ ವಾಚಿನಂತೆ ಕಾಣುತ್ತದೆ ಎಂದು ಅವನು ಗೊಣಗಿದ. ಅವನ ಅಜ್ಜ, ಅಂದರೆ ನನ್ನ ತಂದೆ, ಅಷ್ಟೇ ಅಗಲದ್ದನ್ನು ಕಟ್ಟಿಕೊಂಡು ಮೂವತ್ತೆರಡು ವರ್ಷ ಮೇಷ್ಟರ ಕೆಲಸ ಮಾಡಿದರು ಎಂದು ನೆನಪಿಸಿದೆ.

ಇವೆಲ್ಲಕ್ಕಿಂತ ಮೊದಲು, ಗಡಿಯಾರ ಹುಡುಕುವುದಕ್ಕೂ ಮುಂಚೆ, ರಿಪೇರಿಯವರನ್ನು ಹುಡುಕಿಕೊಳ್ಳಬೇಕು. ಬ್ಯಾಟರಿ ಬದಲಿಸುವ ಅಂಗಡಿಗಳು ಬೀದಿಗೊಂದಿವೆ. ಮೆಷಿನನ್ನು ಪೂರ್ತಿ ಬಿಚ್ಚಿ, ತೊಳೆದು, ಕಲ್ಲುಗಳಿಗೆ ಸೂಜಿಮೊನೆಯಷ್ಟು ಎಣ್ಣೆ ಇಟ್ಟು ಮತ್ತೆ ಜೋಡಿಸಬಲ್ಲವರು ಊರಿಗೆ ಒಬ್ಬರೋ ಇಬ್ಬರೋ, ಅವರಿಗೂ ವಯಸ್ಸಾಗಿದೆ. ಹಳೆಯ ಪೇಟೆಯ ಬೀದಿಗಳಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಗಳಲ್ಲಿ ಅವರು ಸಿಗುತ್ತಾರೆ. ಕೊಳ್ಳುವ ಗಡಿಯಾರದ ಚಿತ್ರವನ್ನು ಅವರಿಗೆ ಮೊದಲು ತೋರಿಸಿ, ಈ ಮೆಷಿನಿನ ಬಿಡಿಭಾಗ ಸಿಗುತ್ತದೆಯೇ, ನೀವು ಕೈ ಹಾಕುತ್ತೀರಾ ಎಂದು ಕೇಳಿ. ಅವರು ತಲೆಯಾಡಿಸಿದರೆ ಮಾತ್ರ ಮುಂದುವರಿಯಿರಿ. ಕೈಯಲ್ಲಿರುವ ಹಣವೆಲ್ಲವನ್ನೂ ಗಡಿಯಾರಕ್ಕೇ ಸುರಿಯದೆ ಮೂರನೆಯ ಒಂದು ಭಾಗವನ್ನಾದರೂ ಸರ್ವಿಸಿಂಗಿಗೆ ಎತ್ತಿಡಿ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎರಡು ದಿನದ ಕಣ್ಣಿನ ಕೆಲಸ ಅದು. ಕೊಂಡ ಮೇಲೆ ಪಾಲಿಸಬೇಕಾದ್ದು ಸ್ವಲ್ಪವೇ: ಮುಚ್ಚಳದ ಮೇಲೆ ಏನೇ ಬರೆದಿರಲಿ ನೀರಿನಿಂದ ದೂರವಿಡುವುದು, ದಿನವೂ ಒಂದೇ ಹೊತ್ತಿಗೆ ಕೀ ಕೊಡುವುದು, ತಡೆ ಸಿಕ್ಕ ಕೂಡಲೇ ನಿಲ್ಲಿಸುವುದು, ಸ್ಪೀಕರಿನ ಮೇಲೆ ಇಡದಿರುವುದು. ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡತೊಡಗಿದರೆ ಬಹುಪಾಲು ಅಯಸ್ಕಾಂತದ ಪ್ರಭಾವ. ರಿಪೇರಿಯವರು ಒಂದೇ ನಿಮಿಷದಲ್ಲಿ ಅದನ್ನು ತೆಗೆಯುತ್ತಾರೆ.

ನಿಮ್ಮ ಪುರವಣಿಯಲ್ಲಿ ಈ ವಿಷಯದ ಮೇಲೆ ಮತ್ತೊಂದು ಬರಹ ಬರುವುದಾದರೆ, ಅಸಲಿ ಡಯಲ್ ಮತ್ತು ಮರುಬಣ್ಣದ ಡಯಲ್ ಎರಡರ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ದೊಡ್ಡದಾಗಿ ಅಚ್ಚು ಹಾಕಬೇಕೆಂದು ಕೋರುತ್ತೇನೆ; ನನ್ನ ಬಳಿಯ ನೀಲಿ ಗಡಿಯಾರವನ್ನು ಅದಕ್ಕಾಗಿ ಕೊಡಲು ಸಿದ್ಧನಿದ್ದೇನೆ. ಸೋದರಳಿಯ ಇನ್ನೂ ಏನನ್ನೂ ಕೊಂಡಿಲ್ಲ. ಕೊಳ್ಳುವ ಮೊದಲು ಊರಿನ ಮನೆಯ ಬೀರುವಿನಲ್ಲಿ ಹುಡುಕು ಎಂದು ಕಳುಹಿಸಿದ್ದೆ, ಅಜ್ಜನ ಆ ಗಡಿಯಾರ ಕೋರ್ಟಿನ ಕಾಗದಗಳ ಕೆಳಗೆ, ಪಟ್ಟಿ ಹರಿದು, ಡಯಲಿನ ಅಂಚೆಲ್ಲ ಕಂದಿ, ಮೂರು ಗಂಟೆ ಹತ್ತು ನಿಮಿಷಕ್ಕೆ ನಿಂತುಕೊಂಡು ಸಿಕ್ಕಿದೆ. ಎಣ್ಣೆ ಒಣಗಿರುತ್ತದೆ, ಕೀ ಕೊಟ್ಟು ನೋಡಬೇಡ ಎಂದು ಫೋನಿನಲ್ಲಿ ತಿಳಿಸಿದ್ದೇನೆ. ಮುಂದಿನ ವಾರ ರಿಪೇರಿಗೆ ಕೊಡುವಾಗ ಚೀಟಿಯ ಮೇಲೆ ‘ಡಯಲ್ ಮುಟ್ಟಬಾರದು’ ಎಂದು ಬರೆಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಮೈಸೂರು